ಅಂಬರ್‌ನಲ್ಲಿ ಉಳಿದುಬಂದ ಅಳಿದ ಕೀಟಗಳು – ತೊಗರಿ ಬೆಳೆಗಾರರಿಗೆ ಅವು ತಿಳಿಸುವುದೇನು?

ಕಲಬುರಗಿಯ ಕಿರಾಣಿ ಅಂಗಡಿಗಳಲ್ಲಿ ರಾಳ ಎಂಬ ಹೆಸರಿನ ಹಳದಿ ಹರಳು ಮಾರಾಟಕ್ಕಿರುತ್ತದೆ. ಕೆಂಡದ ಮೇಲೆ ಹಾಕಿದರೆ ಪರಿಮಳದ ಹೊಗೆ ಬರುತ್ತದೆ. ಗುಡಿಗಳಲ್ಲಿ ಹಾಕುವ ಧೂಪವೂ ದರ್ಗಾಗಳಲ್ಲಿ ಉರಿಸುವ ಲೋಬಾನವೂ ಇದೇ ಬಗೆಯ ವಸ್ತುಗಳು. ಮರದ ತೊಗಟೆಗೆ ಗಾಯವಾದಾಗ ಒಸರಿ, ಗಾಳಿಗೆ ಒಣಗಿ ಗಟ್ಟಿಯಾದ ರಸವೇ ಇವೆಲ್ಲ. ಇಂಥ ರಾಳ ಮಣ್ಣಿನಡಿ ಹೂತುಹೋಗಿ ಕೋಟ್ಯಂತರ ವರ್ಷ ಹಾಗೆಯೇ ಉಳಿದರೆ ಅದು ಅಂಬರ್ ಆಗುತ್ತದೆ. ಒಸರುವ ಕಾಲದಲ್ಲಿ ಅದಕ್ಕೆ ಅಂಟಿಕೊಂಡ ಇರುವೆ, ಗೆದ್ದಲು, ಜೇನುನೊಣ, ಕಣಜಗಳು ಕಾಲಿನ ಕೂದಲೂ ಕೆಡದಂತೆ ಅದರೊಳಗೆ ಉಳಿದಿರುತ್ತವೆ. ಅವುಗಳಲ್ಲಿ ಹೆಚ್ಚಿನ ಪ್ರಭೇದಗಳು ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಸಂಸ್ಕೃತದಲ್ಲಿ ಅಂಬರ್‌ಗೆ ತೃಣಮಣಿ ಎಂದೂ ಪಾರಸಿ ಮತ್ತು ಉರ್ದುವಿನಲ್ಲಿ ಕಹರುಬಾ ಎಂದೂ ಹೆಸರಿದೆ. ಕಹರುಬಾ ಎಂದರೆ ಹುಲ್ಲನ್ನು ಸೆಳೆಯುವುದು ಎಂದರ್ಥ. ಅಂಬರ್ ತುಂಡನ್ನು ಬಟ್ಟೆಗೆ ಉಜ್ಜಿದರೆ ಹುಲ್ಲಿನ ಚೂರುಗಳು ಅದಕ್ಕೆ ಅಂಟುವುದರಿಂದ ಈ ಹೆಸರು ಬಂದಿದೆ. ಅತ್ತರು ಮಾರುವವರು ಅಂಬರ್ ಎಂದು ಕರೆಯುವ ಸುಗಂಧ ವಸ್ತು ಬೇರೆ. ಅದು ತಿಮಿಂಗಿಲದ ಹೊಟ್ಟೆಯಲ್ಲಿ ಉಂಟಾಗುವಂಥದು. ಈ ಲೇಖನದ ವಿಷಯ ಮರದ ರಾಳದಿಂದಾದ ಅಂಬರ್ ಮಾತ್ರ.

ಅಂಟು ಮತ್ತು ರಾಳ

ಬೇವು ಮತ್ತು ಜಾಲಿ ಮರಗಳ ಕಾಂಡದಲ್ಲಿ ಒಸರುವ ಅಂಟನ್ನು ರೈತರು ದಿನವೂ ನೋಡುತ್ತಾರೆ. ಅದೂ ಒಣಗಿ ಹರಳಾಗುತ್ತದೆ. ಆದರೆ ಅದರಿಂದ ಅಂಬರ್ ಆಗುವುದಿಲ್ಲ. ಇದರ ಕಾರಣವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಜಾಲಿ ಅಂಟಿನ ಒಂದು ಚೂರನ್ನೂ ಅಂಗಡಿಯ ರಾಳದ ಒಂದು ಚೂರನ್ನೂ ಬೇರೆ ಬೇರೆ ಲೋಟದ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಅಂಟು ನೀರಿನಲ್ಲಿ ಕರಗಿ ಲೋಳೆಯಾಗಿರುತ್ತದೆ. ರಾಳ ಹಾಕಿದಂತೆಯೇ ಇರುತ್ತದೆ.

ಅಂಟು ಸಕ್ಕರೆಯ ಸಂಬಂಧದ ವಸ್ತು. ಮಳೆಗೆ ಕರಗುತ್ತದೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ರಾಳವು ಎಣ್ಣೆಯ ಗುಣವುಳ್ಳ ಟರ್ಪೀನ್ ಎಂಬ ವಸ್ತುಗಳಿಂದಾದದ್ದು. ನೀರಿಗೆ ಕರಗದು, ಬೇಗ ಕೊಳೆಯದು. ಮರವು ತನ್ನ ಗಾಯವನ್ನು ಮುಚ್ಚಿಕೊಳ್ಳಲು, ಕಾಂಡ ಕೊರೆಯುವ ಕೀಟಗಳನ್ನು ಮತ್ತು ಶಿಲೀಂಧ್ರಗಳನ್ನು ತಡೆಯಲು ಇದನ್ನು ಸುರಿಸುತ್ತದೆ. ಅಂದರೆ ರಾಳವೆಂಬುದು ಮರ ತಾನೇ ತಯಾರಿಸಿಕೊಂಡ ಸಸ್ಯ ಸಂರಕ್ಷಣಾ ಔಷಧಿ.

ಕೀಟ ಸಿಕ್ಕಿಬೀಳುವ ಬಗೆ

ಹೊಸದಾಗಿ ಒಸರಿದ ರಾಳ ಜೇನುತುಪ್ಪದಷ್ಟು ಮಂದವಾಗಿರುತ್ತದೆ. ಕಾಂಡದ ಮೇಲೆ ಹರಿದಾಡುವ ಇರುವೆ, ಮೊಟ್ಟೆಯಿಡಲು ಬಂದ ಕಣಜ, ಗಾಳಿಗೆ ಹಾರಿಬಂದ ನೊರಜು ಅದಕ್ಕೆ ಅಂಟುತ್ತವೆ. ಮತ್ತೊಂದು ಸಲ ರಾಳ ಹರಿದಾಗ ಅವು ಪೂರ್ತಿ ಮುಚ್ಚಿಹೋಗುತ್ತವೆ. ಗಾಳಿ ತಾಗದಿರುವುದರಿಂದ ಮತ್ತು ರಾಳಕ್ಕೆ ಕೊಳೆಯುವಿಕೆಯನ್ನು ತಡೆಯುವ ಗುಣವಿರುವುದರಿಂದ ಕೀಟದ ಹೊರ ಕವಚ ಕೆಡುವುದಿಲ್ಲ. ಕಾಲಾನಂತರ ರಾಳದ ಉಂಡೆ ನೆಲಕ್ಕೆ ಬಿದ್ದು, ಹೊಳೆಯ ನೀರಿನಲ್ಲಿ ಸಾಗಿ, ಕೆಸರಿನಲ್ಲಿ ಹೂತುಹೋಗುತ್ತದೆ. ಅದರಲ್ಲಿನ ಆವಿಯಾಗುವ ಅಂಶ ಹೊರಟುಹೋಗಿ, ಉಳಿದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಪೂರ್ತಿ ಗಟ್ಟಿಯಾಗದ ಕಿರಿಯ ವಯಸ್ಸಿನ ರಾಳಕ್ಕೆ ಕೋಪಲ್ ಎಂದು ಹೆಸರು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಅಂಬರ್‌ನಲ್ಲಿ ಸಿಗುವುದು ಬಹುಪಾಲು ಸಣ್ಣ ಕೀಟಗಳು. ಬಲವಾದ ದೊಡ್ಡ ಮಿಡತೆ, ದೊಡ್ಡ ದುಂಬಿಗಳು ಒದ್ದಾಡಿ ಬಿಡಿಸಿಕೊಂಡು ಹೋಗುತ್ತವೆ. ಮರದಿಂದ ದೂರ ಬಯಲಿನಲ್ಲಿ ಬದುಕುವ ಕೀಟಗಳು ರಾಳದ ಹತ್ತಿರಕ್ಕೇ ಬರುವುದಿಲ್ಲ. ಆದುದರಿಂದ ಅಂಬರ್‌ನಲ್ಲಿ ಕಾಣದ ಕೀಟ ಆ ಕಾಲದಲ್ಲಿ ಇರಲೇ ಇಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ.

ಕಮಲಾಪುರದ ಕರಿಕಲ್ಲಿನಿಂದ ಸೂರತ್ತಿನ ಗಣಿಗೆ

ಕಲಬುರಗಿ ಜಿಲ್ಲೆಯ ನೆಲದಲ್ಲಿ ಅಂಬರ್ ಏಕೆ ದೊರೆಯುವುದಿಲ್ಲ ಎಂಬ ಪ್ರಶ್ನೆ ಸಹಜ. ಜಿಲ್ಲೆಯ ದಕ್ಷಿಣ ಭಾಗದ ಶಹಾಬಾದ್ ಕಲ್ಲು ಸಮುದ್ರದ ತಳದಲ್ಲಿ ಆದ ಸುಣ್ಣಕಲ್ಲು. ಅದರ ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಆಗ ನೆಲದ ಮೇಲೆ ಮರಗಳೇ ಹುಟ್ಟಿರಲಿಲ್ಲ, ರಾಳ ಎಲ್ಲಿಂದ ಬರಬೇಕು? ಕಲಬುರಗಿ ನಗರ, ಕಮಲಾಪುರ, ಆಳಂದ ಕಡೆಯ ಕರಿಕಲ್ಲು ಲಾವಾರಸ ಹೆಪ್ಪುಗಟ್ಟಿ ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಭೂಭಾಗದಲ್ಲಿ ನೆಲ ಬಿರಿದು ಲಾವಾರಸ ಪದರ ಪದರವಾಗಿ ಹರಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಆ ಕಲ್ಲು ಮುಚ್ಚಿದೆ. ತೊಗರಿ ಬೆಳೆಯುವ ಎರೆಭೂಮಿ ಆ ಕರಿಕಲ್ಲು ಸವೆದು ಆದ ಮಣ್ಣು. ಕುದಿಯುವ ಲಾವಾರಸದಲ್ಲಿ ರಾಳವಾಗಲಿ ಕೀಟವಾಗಲಿ ಉಳಿಯುವಂತಿಲ್ಲ.

ಆದರೆ ಲಾವಾ ಒಂದೇ ಸಲಕ್ಕೆ ಹರಿಯಲಿಲ್ಲ. ಒಂದು ಹರಿವಿಗೂ ಮತ್ತೊಂದು ಹರಿವಿಗೂ ನಡುವೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ಗಿಡ ಬೆಳೆಯಿತು, ಬಸವನಹುಳು ಬಂದವು. ಮುಂದಿನ ಲಾವಾ ಬಂದು ಆ ಕೆರೆಯ ಕೆಸರನ್ನು ಮುಚ್ಚಿತು. ಹಿಂದಿನ ಅವಿಭಜಿತ ಗುಲಬರ್ಗಾ ಜಿಲ್ಲೆಯ ಇಂಥ ನಡುಪದರಗಳಿಂದ ಸಿಹಿನೀರಿನ ಚಿಕ್ಕ ಚಿಪ್ಪುಜೀವಿಗಳ ಪಳೆಯುಳಿಕೆಗಳು ದೊರೆತಿವೆ. ಅವುಗಳ ವಿವರ 2002ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಲಾವಾದ ಕಾಲ ಮುಗಿದ ಮೇಲೆ ಏನಾಯಿತು ಎಂಬುದಕ್ಕೆ ಉತ್ತರ ಗುಜರಾತಿನಲ್ಲಿದೆ. ಇದೇ ಕರಿಕಲ್ಲಿನ ಹಾಸು ಸೂರತ್ತಿನ ಕಡೆ ನೆಲದಡಿಗೆ ಇಳಿದುಹೋಗಿದೆ. ಅದರ ಮೇಲೆ ಕಡಲಂಚಿನ ಜೇಡಿಮಣ್ಣು ಮತ್ತು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಪದರಗಳಿವೆ. ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರ ಗಣಿಗಳಲ್ಲಿ ಲಿಗ್ನೈಟ್ ತೆಗೆಯುವಾಗ ಹಳದಿ ಮತ್ತು ಕಂದು ಬಣ್ಣದ ರಾಳದ ಉಂಡೆಗಳು ಹೊರಬಂದವು. ಇದಕ್ಕೆ ಖಂಬಾತ್ ಅಂಬರ್ ಎಂದು ಹೆಸರಾಗಿದೆ.

ಲಖನೌದ ಬೀರ್ಬಲ್ ಸಾಹನಿ ಸಂಸ್ಥೆಯ ಹುಕಂ ಸಿಂಗ್, ಗಢವಾಲ ವಿಶ್ವವಿದ್ಯಾನಿಲಯದ ರಾಜೇಂದ್ರ ಸಿಂಗ್ ರಾಣಾ, ಜರ್ಮನಿಯ ಬಾನ್ ನಗರದ ಯೆಸ್ ರುಸ್ಟ್, ನ್ಯೂಯಾರ್ಕ್ ವಸ್ತುಸಂಗ್ರಹಾಲಯದ ಡೇವಿಡ್ ಗ್ರಿಮಾಲ್ಡಿ ಮೊದಲಾದವರು ಈ ಅಂಬರನ್ನು ಅಭ್ಯಾಸ ಮಾಡಿ 2010ರಲ್ಲಿ ವರದಿ ಪ್ರಕಟಿಸಿದರು. ಸುಮಾರು 150 ಕಿಲೋ ಅಂಬರ್‌ನಲ್ಲಿ 700ಕ್ಕೂ ಹೆಚ್ಚು ಕೀಟ ಮತ್ತು ಜೇಡಗಳು ದೊರೆತಿದ್ದವು. ಅವು 14 ಗಣಗಳಿಗೆ, 55ಕ್ಕೂ ಹೆಚ್ಚು ಕುಟುಂಬಗಳಿಗೆ, 100ಕ್ಕೂ ಹೆಚ್ಚು ಪ್ರಭೇದಗಳಿಗೆ ಸೇರಿದವು. ಅಂಬರ್‌ನ ವಯಸ್ಸನ್ನು ಆ ವರದಿ 5ರಿಂದ 5.2 ಕೋಟಿ ವರ್ಷ ಎಂದು ಗಣಿಸಿತು.

ಈ ರಾಳ ಸುರಿಸಿದ ಮರಗಳು ಯಾವುವು ಎಂಬುದೂ ತಿಳಿದಿದೆ. ರಾಳದ ರಾಸಾಯನಿಕ ಗುಣ ಮತ್ತು ಜೊತೆಗೆ ದೊರೆತ ಮರದ ತುಂಡುಗಳ ರಚನೆ ಎರಡೂ ಡಿಪ್ಟೆರೋಕಾರ್ಪ್ ಕುಟುಂಬವನ್ನು ತೋರಿಸುತ್ತವೆ. ಪಶ್ಚಿಮ ಘಟ್ಟದ ಬಿಳಿ ಧೂಪದ ಮರ ಹಾಗೂ ಮಧ್ಯ ಭಾರತದ ಸಾಲ ಮರ ಈ ಕುಟುಂಬದವೇ. ಅಂಗಡಿಯಲ್ಲಿ ಸಿಗುವ ರಾಳಕ್ಕೂ ಗಣಿಯ ಅಂಬರ್‌ಗೂ ಇರುವ ನಂಟು ಇದು. ಲಾವಾ ತಣಿದು ಒಂದೂವರೆ ಕೋಟಿ ವರ್ಷ ಕಳೆಯುವುದರೊಳಗೆ ಅದರ ಮೇಲೆ ಮಳೆಕಾಡು ಬೆಳೆದಿತ್ತು, ಕೀಟಗಳಿಂದ ತುಂಬಿತ್ತು.

ಅಳಿದ ಕೀಟವನ್ನು ವರ್ಣಿಸುವ ಕ್ರಮ

ಅಂಬರ್‌ನಲ್ಲಿ ಕೀಟ ಕಂಡ ಮಾತ್ರಕ್ಕೆ ಅದು ಹೊಸ ಪ್ರಭೇದವಾಗುವುದಿಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ಅಂಬರ್ ತುಂಡನ್ನು ಕೀಟದ ಹತ್ತಿರದವರೆಗೆ ಕೊಯ್ದು, ನಯಗೊಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೀಸೆಯಲ್ಲಿ ಎಷ್ಟು ಗೆಣ್ಣು, ರೆಕ್ಕೆಯ ನರಗಳು ಎಲ್ಲಿ ಕೂಡಿವೆ, ಪಾದದಲ್ಲಿ ಎಷ್ಟು ತುಂಡು, ಹೊಟ್ಟೆಯ ಪಟ್ಟಿಗಳು ಬಿಡಿಯೋ ಕೂಡಿದವೋ ಎಂಬುದನ್ನು ಎಣಿಸಿ ಚಿತ್ರ ಬರೆಯುತ್ತಾರೆ. ಅಪಾರದರ್ಶಕ ತುಂಡಾದರೆ ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂಥ ಕ್ಷ-ಕಿರಣ ಯಂತ್ರದಿಂದ ಒಳಗಿನ ಆಕಾರವನ್ನು ಪಡೆಯುತ್ತಾರೆ.

ಖಂಬಾತ್ ಅಂಬರ್‌ಗೆ ಒಂದು ವಿಶೇಷವಿದೆ. ಅದರ ಅಣುಗಳು ಪೂರ್ತಿ ಹೆಣೆದುಕೊಂಡಿಲ್ಲದ ಕಾರಣ ಅದನ್ನು ಸಾವಯವ ದ್ರಾವಣದಲ್ಲಿ ಕರಗಿಸಿ ಇಡೀ ಕೀಟವನ್ನೇ ಹೊರತೆಗೆಯಲು ಬರುತ್ತದೆ. ಬೇರೆ ಅನೇಕ ಅಂಬರ್‌ಗಳಲ್ಲಿ ಇದು ಸಾಧ್ಯವಿಲ್ಲ.

ಬಳಿಕ ಇಂದು ಬದುಕಿರುವ ಮತ್ತು ಈ ಮೊದಲು ವರ್ಣಿಸಿದ ಅಳಿದ ಕೀಟಗಳೊಂದಿಗೆ ಹೋಲಿಸಿ ನೋಡುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಎರಡು ಪದಗಳ ಶಾಸ್ತ್ರೀಯ ಹೆಸರನ್ನಿಟ್ಟು, ಲಕ್ಷಣಗಳನ್ನು ಬರೆದು ಪ್ರಕಟಿಸುತ್ತಾರೆ. ಯಾವ ಒಂದು ಕೀಟವನ್ನು ನೋಡಿ ಹೆಸರಿಟ್ಟರೋ ಆ ಮಾದರಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡುತ್ತಾರೆ. ಮುಂದೆ ಯಾರಿಗಾದರೂ ಸಂದೇಹ ಬಂದರೆ ಅದನ್ನೇ ತೆಗೆದು ನೋಡಬಹುದು. ತಳಿ ಬಿಡುಗಡೆಗೆ ಮೊದಲು ಬೀಜದ ಗುಣಲಕ್ಷಣಗಳನ್ನು ದಾಖಲಿಸುವುದಕ್ಕೂ ಇದಕ್ಕೂ ಹೋಲಿಕೆಯಿದೆ.

ದೊರೆತಿರುವ ಕೆಲವು ಕೀಟಗಳು

ಗೆದ್ದಲು: ಖಂಬಾತ್ ಅಂಬರ್‌ನ ಗೆದ್ದಲುಗಳ ವಿವರ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ನ್ಯಾನೋಟರ್ಮಿಸ್ ಎಂದು ಹೆಸರಿಸಿದ ಒಂದು ಚಿಕ್ಕ ಗೆದ್ದಲು ಮುಖ್ಯವಾದದ್ದು. ಇಂದು ಹೊಲದ ಬದುವಿನಲ್ಲಿ ಹುತ್ತ ಕಟ್ಟುವ ಗೆದ್ದಲುಗಳು ಸೇರಿದ ಟರ್ಮಿಟಿಡೆ ಕುಟುಂಬದ ಅತಿ ಹಳೆಯ ದಾಖಲೆಯೆಂದು ಅದನ್ನು ಪ್ರಕಟಿಸಲಾಯಿತು.

ಜೇನುನೊಣ: ಹಿಂಗಾಲಿನಲ್ಲಿ ಪರಾಗದ ಬುಟ್ಟಿಯುಳ್ಳ ಜೇನುನೊಣಗಳು ಈ ಅಂಬರ್‌ನಲ್ಲಿವೆ. ಹೆಜ್ಜೇನು, ಕೋಲುಜೇನು, ಮುಜೆಂಟಿ ಜೇನುಗಳಿಗೆ ಅವು ದೂರದ ಬಂಧುಗಳು. ಆದರೆ ಅವು ಸೇರಿದ ಮೆಲಿಕರ್ಟಿನಿ ಎಂಬ ಪಂಗಡ ಪೂರ್ತಿಯಾಗಿ ಅಳಿದುಹೋಗಿದೆ. ಆ ಪಂಗಡದ ಒಂದೇ ಒಂದು ಪ್ರಭೇದವೂ ಇಂದು ಜೀವಂತವಿಲ್ಲ.

ಇರುವೆಗೂಡಿನ ದುಂಬಿ: 2014ರಲ್ಲಿ ಪ್ರೋಟೋಕ್ಲಾವಿಗರ್ ಎಂಬ ಎಳ್ಳುಕಾಳಿನಷ್ಟೂ ದೊಡ್ಡದಲ್ಲದ ದುಂಬಿಯನ್ನು ವರ್ಣಿಸಲಾಯಿತು. ಇದರ ಇಂದಿನ ಬಂಧುಗಳು ಇರುವೆಗೂಡಿನೊಳಗೆ ಬದುಕುತ್ತವೆ. ಮೈಮೇಲಿನ ಕೂದಲಿನ ಕುಚ್ಚಿನಿಂದ ಒಸರುವ ರಸವನ್ನು ಇರುವೆಗಳಿಗೆ ನೆಕ್ಕಲು ಕೊಟ್ಟು, ಅವುಗಳಿಂದ ಆಹಾರ ಪಡೆದು, ಗೂಡಿನ ಮೊಟ್ಟೆಮರಿಗಳನ್ನೂ ತಿನ್ನುತ್ತವೆ. ಅಂಬರ್‌ನ ದುಂಬಿಯಲ್ಲಿ ಅದೇ ಕುಚ್ಚು ಕಾಣುತ್ತದೆ. ಆದರೆ ಇಂದಿನವುಗಳಲ್ಲಿ ಒಂದಾಗಿ ಕೂಡಿರುವ ಹೊಟ್ಟೆಯ ಪಟ್ಟಿಗಳು ಅದರಲ್ಲಿ ಇನ್ನೂ ಬಿಡಿಬಿಡಿಯಾಗಿವೆ. ಈ ಬದುಕಿನ ಬಗೆ ರೂಪುಗೊಳ್ಳುತ್ತಿದ್ದ ಹಂತವನ್ನು ಹೀಗೆ ಒಂದು ಚಿಕ್ಕ ದುಂಬಿ ತೋರಿಸಿಕೊಟ್ಟಿದೆ.

ಕೀಟಗಳ ಶತ್ರುಗಳೂ ಅಷ್ಟೇ ಹಳಬರು

ಬೇರೆ ದೇಶಗಳಲ್ಲಿ ಇನ್ನೂ ಹಳೆಯ ಅಂಬರ್ ಇದೆ. ಮ್ಯಾನ್ಮಾರಿನ ಕಾಚಿನ್ ಪ್ರಾಂತದ ಅಂಬರ್‌ನ ವಯಸ್ಸು ಸುಮಾರು 9.9 ಕೋಟಿ ವರ್ಷ. ಸ್ಪೇನ್ ದೇಶದ ಕೆಲವು ನೆಲೆಗಳದ್ದು ಸುಮಾರು 11 ಕೋಟಿ ವರ್ಷ. ಲೆಬನಾನಿನದು ಅದಕ್ಕೂ ಹಳೆಯದು. ರೈತರ ದೃಷ್ಟಿಯಿಂದ ಇವುಗಳಲ್ಲಿ ಮುಖ್ಯವಾದದ್ದು ಬೆಳೆ ತಿನ್ನುವ ಕೀಟಗಳಿಗಿಂತ ಆ ಕೀಟಗಳನ್ನು ತಿನ್ನುವ ಕೀಟಗಳ ಇರುವಿಕೆ.

ಮೊಟ್ಟೆಗಳೊಳಗೆ ಮೊಟ್ಟೆಯಿಡುವ ಸೆಲಿಯೋನಿಡೆ ಗುಂಪಿನ ಚಿಕ್ಕ ಕಣಜಗಳು ಆ ಹಳೆಯ ಅಂಬರ್‌ಗಳಲ್ಲಿ ಹೇರಳವಾಗಿ ಸಿಗುತ್ತವೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಕಂಡು ದೇಶವೆಲ್ಲ ಹರಡಿದ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿನ ಮೊಟ್ಟೆಗಳನ್ನು ನಾಶಮಾಡುವ ಟೆಲೆನೋಮಸ್ ಕಣಜ ಇದೇ ಸಂಬಂಧದ್ದು. ಸ್ಪೇನಿನ ಅಂಬರ್‌ನಲ್ಲಿ ಜಾಲರಿ ರೆಕ್ಕೆ ಕೀಟದ ಒಂದು ಮರಿಹುಳು ದೊರೆತಿದ್ದು 2012ರಲ್ಲಿ ಅದರ ವಿವರ ಪ್ರಕಟವಾಯಿತು. ಗಿಡದ ಕೂದಲುಗಳನ್ನು ಕಿತ್ತು ಬೆನ್ನ ಮೇಲೆ ಹೊರೆ ಹೊತ್ತುಕೊಂಡು ಅದು ಮರೆಯಾಗಿರುತ್ತಿತ್ತು. ಇಂದಿನ ಕೆಲವು ಜಾಲರಿ ರೆಕ್ಕೆ ಕೀಟಗಳ ಮರಿಗಳೂ ಕಸ ಹೊತ್ತು ಸಸ್ಯಹೇನುಗಳ ನಡುವೆ ಬೇಟೆಯಾಡುತ್ತವೆ. ಅದೇ ದೇಶದ ಮತ್ತೊಂದು ತುಂಡಿನಲ್ಲಿ ನೊಣ ಮೊದಲಾದ ಬೇಟೆಗಳು ಸಿಕ್ಕಿಕೊಂಡಿರುವ ಜೇಡರಬಲೆಯ ಎಳೆಗಳಿವೆ. ಮೈಗೆ ಪರಾಗ ಮೆತ್ತಿಕೊಂಡ ಥ್ರಿಪ್ಸ್ ನುಸಿಗಳೂ ಅಲ್ಲಿಯ ಅಂಬರ್‌ನಲ್ಲಿ ದೊರೆತಿವೆ. ಪರಾಗವನ್ನು ಕೀಟ ಒಯ್ಯುವ ಕೆಲಸಕ್ಕೆ 10 ಕೋಟಿ ವರ್ಷಕ್ಕೂ ಮೀರಿದ ಸಾಕ್ಷಿ ಅದು.

ತೊಗರಿಯನ್ನು ಮನುಷ್ಯ ಬೆಳೆಯಾಗಿ ಮಾಡಿಕೊಂಡು ಸುಮಾರು 3,500 ವರ್ಷಗಳಾಗಿವೆ. ಬೇಸಾಯವೆಂಬುದಕ್ಕೇ ಸುಮಾರು 10,000 ವರ್ಷ. ಹುಳ ಮತ್ತು ಹುಳದ ಶತ್ರುಗಳ ನಡುವಿನ ಲೆಕ್ಕಾಚಾರ ಅದಕ್ಕೆ ಸಾವಿರಾರು ಪಟ್ಟು ಹಳೆಯದು. ಕಮಲಾಪುರದ ಎರೆಮಣ್ಣಿಗಿಂತಲೂ, ಆ ಮಣ್ಣು ಕೊಟ್ಟ ಕರಿಕಲ್ಲಿಗಿಂತಲೂ ಅದು ಹಳೆಯದು. ರೈತ ಹೊಲ ಹೂಡಿದಾಗ ಆ ಕೆಲಸಗಾರರು ಕೂಲಿಯಿಲ್ಲದೆ ಹೊಲದೊಳಗೆ ಬಂದು ಸೇರಿಕೊಂಡರು.

ಅಳಿಯುವುದೆಂದರೆ ಏನು?

ಒಂದು ಪ್ರಭೇದ ಅಳಿಯುವುದೂ ಒಂದು ಬೆಳೆ ಹಾಳಾಗುವುದೂ ಒಂದೇ ಅಲ್ಲ. ಬೆಳೆ ಹೋದರೆ ಮರುವರ್ಷ ಬೀಜ ತಂದು ಬಿತ್ತಬಹುದು. ಪ್ರಭೇದ ಹೋದರೆ ಅದರ ಬೀಜ ಎಲ್ಲಿಯೂ ಸಿಗದು. ಅಂಬರ್‌ನ ಕೀಟದಿಂದ ವಂಶವಾಹಿ ತೆಗೆದು ಮತ್ತೆ ಹುಟ್ಟಿಸಬಹುದೆಂಬ ಕಲ್ಪನೆ 1993ರ ಜುರಾಸಿಕ್ ಪಾರ್ಕ್ ಚಲನಚಿತ್ರದಿಂದ ಜನಪ್ರಿಯವಾಯಿತು. ಅಂಬರ್‌ಗಿಂತ ಬಹಳ ಕಿರಿಯದಾದ ಕೋಪಲ್‌ನಲ್ಲಿ ಸಿಕ್ಕ ಜೇನುನೊಣಗಳನ್ನು ಪರೀಕ್ಷಿಸಿದವರು ಅವುಗಳಲ್ಲಿಯೂ ನಂಬಬಹುದಾದ ಹಳೆಯ ವಂಶವಾಹಿ ಸಿಗಲಿಲ್ಲವೆಂದು 2013ರಲ್ಲಿ ವರದಿ ಮಾಡಿದರು. ಅಂಬರ್ ಕೀಟದ ಆಕಾರವನ್ನು ಉಳಿಸುತ್ತದೆ, ಜೀವವನ್ನು ಉಳಿಸುವುದಿಲ್ಲ.

ಖಂಬಾತ್ ಅಂಬರ್‌ನ ಪ್ರಭೇದಗಳು ಅಳಿದದ್ದಕ್ಕೆ ಮನುಷ್ಯ ಕಾರಣನಲ್ಲ. ಆಗ ಮನುಷ್ಯನೇ ಇರಲಿಲ್ಲ. ಕೋಟಿಗಟ್ಟಲೆ ವರ್ಷಗಳಲ್ಲಿ ಹವೆ ಬದಲಾಯಿತು, ಸೂರತ್ತಿನ ಕಡೆಯ ಮಳೆಕಾಡು ಇಲ್ಲವಾಯಿತು. ಆದರೆ ಬೇಸಾಯದಿಂದಲೇ ಕೀಟವೊಂದು ಅಳಿದ ಉದಾಹರಣೆಯೂ ಇದೆ. ಉತ್ತರ ಅಮೆರಿಕದ ರಾಕಿ ಪರ್ವತದ ಮಿಡತೆ 1870ರ ದಶಕದಲ್ಲಿ ಆಕಾಶ ಮುಚ್ಚುವಂತೆ ಹಿಂಡುಗಟ್ಟಿ ಬಂದು ಬೆಳೆ ತಿನ್ನುತ್ತಿತ್ತು. ಜೀವಂತವಾಗಿ ಅದು ಕೊನೆಯ ಸಲ ಸಿಕ್ಕಿದ್ದು 1902ರಲ್ಲಿ. ಅದು ಮೊಟ್ಟೆಯಿಡುತ್ತಿದ್ದ ನದೀಕಣಿವೆಗಳ ನೆಲವನ್ನು ವಲಸೆ ಬಂದ ರೈತರು ಉತ್ತು ನೀರು ಹಾಯಿಸಿದ್ದೇ ಕಾರಣವೆಂದು ತಜ್ಞರು ಹೇಳುತ್ತಾರೆ. ಅದನ್ನು ಅಳಿಸಬೇಕೆಂದು ಯಾರೂ ಯೋಜನೆ ಹಾಕಿರಲಿಲ್ಲ. ಇಂದು ಅದು ಪರ್ವತದ ಹಿಮಗಡ್ಡೆಯೊಳಗೆ, ಅಂಬರ್‌ನ ಕೀಟದಂತೆ, ಹೆಣವಾಗಿ ಮಾತ್ರ ಸಿಗುತ್ತದೆ.

ಅದು ಬೆಳೆಯ ಶತ್ರುವಾಗಿತ್ತು, ಹೋದರೆ ಹೋಗಲಿ ಎನ್ನಬಹುದು. ಆದರೆ ಕೋಟ್ಯಂತರ ಸಂಖ್ಯೆಯಲ್ಲಿದ್ದ ಮಿಡತೆಯೇ 30 ವರ್ಷಗಳಲ್ಲಿ ಇಲ್ಲವಾಗುವುದಾದರೆ, ಬದುವಿನ ಹೂವನ್ನು ನಂಬಿ ಬದುಕುವ ಕಣಜಗಳ ಗತಿಯೇನು? ಅವು ಕಡಿಮೆಯಾದುದನ್ನು ಯಾರೂ ಲೆಕ್ಕವಿಡುವುದಿಲ್ಲ. ಹುಳ ಹೆಚ್ಚಾದಾಗ ಮಾತ್ರ ಅದು ಬೇರೆ ರೂಪದಲ್ಲಿ ತಿಳಿಯುತ್ತದೆ.

ತೊಗರಿ ಹೊಲಕ್ಕೆ ಅನ್ವಯ

ಕಲಬುರಗಿ ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಇದೇ ಭಾಗದ ರೈತರು 1997–98ರ ಹಂಗಾಮಿನಲ್ಲಿ ಕಾಯಿಕೊರಕದ ಹಾವಳಿಯಿಂದ ಕಂಡ ನಷ್ಟವನ್ನು ಹಿರಿಯರು ಇನ್ನೂ ಮರೆತಿಲ್ಲ. ಸಾಲ ಮಾಡಿ ಮೇಲಿಂದ ಮೇಲೆ ಔಷಧಿ ಹೊಡೆದರೂ ಹುಳ ಸಾಯಲಿಲ್ಲ. ಕಾಯಿಕೊರಕ ಕೀಟನಾಶಕಗಳಿಗೆ ನಿರೋಧಶಕ್ತಿ ಬೆಳೆಸಿಕೊಂಡಿರುವುದು ಆಂಧ್ರದ ಹತ್ತಿ ಪ್ರದೇಶದಲ್ಲಿ 1987ರಷ್ಟು ಹಿಂದೆಯೇ ಕಂಡುಬಂದಿತ್ತು.

ಇದರ ಹಿಂದಿನ ಕಾರಣ ಸರಳವಾದುದು. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆಯಿಡುತ್ತದೆ. ಔಷಧಿಗೆ ಸಾಯದ ಕೆಲವೇ ಹುಳ ಉಳಿದರೂ ಅವುಗಳ ಸಂತತಿ ಕೆಲವು ತಲೆಮಾರಿನಲ್ಲಿ ಹೊಲ ತುಂಬುತ್ತದೆ. ಹುಳವನ್ನು ತಿಂದು ಬದುಕುವ ಶತ್ರುಕೀಟಗಳಿಗೆ ಹಾಗಾಗುವುದಿಲ್ಲ. ಅವು ಸಂಖ್ಯೆಯಲ್ಲಿ ಕಡಿಮೆ. ಔಷಧಿಯಿಂದ ಉಳಿದವೂ ಆಹಾರವಿಲ್ಲದೆ ಹೊಲ ಬಿಟ್ಟುಹೋಗುತ್ತವೆ. ಹೀಗಾಗಿ ಸಿಂಪರಣೆಯ ನಂತರ ಮೊದಲು ಮರಳಿ ಬರುವುದು ಹುಳ, ತಡವಾಗಿ ಬರುವುದು ಹುಳದ ಶತ್ರು. ಕೀಟಗಳಿಗೆ ಬದಲಾಗುವ ಶಕ್ತಿ ಎಷ್ಟೆಂಬುದನ್ನು ತಿಳಿಯಲು ಅಂಬರ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಲಾವಾ, ಹವೆಯ ಏರುಪೇರು, ಖಂಡಗಳ ಡಿಕ್ಕಿ ಎಲ್ಲವನ್ನೂ ಅವುಗಳ ಕುಟುಂಬಗಳು ದಾಟಿ ಬಂದಿವೆ. ಒಂದು ಡಬ್ಬಿ ಔಷಧಿಯಿಂದ ಹುಳದ ವಂಶ ತೀರುವುದೆಂದು ನಂಬುವುದು ತಪ್ಪು. ಅವುಗಳನ್ನು ಅಂಕೆಯಲ್ಲಿಡಬಲ್ಲವರು ಅಷ್ಟೇ ಹಳೆಯ ಶತ್ರುಗಳು.

ಆದುದರಿಂದ ತೊಗರಿ ಬೆಳೆಗಾರರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಲಾಭದಾಯಕ.

1. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಬೇಕು. ಮಣ್ಣಿನೊಳಗಿನ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಗುರಿಯಾಗುತ್ತವೆ.

2. ಎಕರೆಗೆ 2ರಂತೆ ಮೋಹಕ ಬಲೆಗಳನ್ನು ಹಾಕಿ ಪತಂಗಗಳ ಬರುವಿಕೆಯನ್ನು ಗಮನಿಸಬೇಕು. ಹಕ್ಕಿಗಳು ಕೂರಲು ಅಲ್ಲಲ್ಲಿ ಕವಲುಕೋಲು ನೆಡಬೇಕು.

3. ಹೂ ಬಿಡುವ ಕಾಲದಿಂದ ವಾರಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆ ಗಿಡಗಳನ್ನು ಪರೀಕ್ಷಿಸಬೇಕು. ಸರಾಸರಿ ಗಿಡಕ್ಕೆ 2 ಮೊಟ್ಟೆ ಅಥವಾ 1 ಹುಳ ಕಾಣುವವರೆಗೆ ಸಿಂಪರಣೆಗೆ ಅವಸರ ಮಾಡಬಾರದು.

4. ಮೊದಲ ಹಂತದಲ್ಲಿ ಶೇಕಡಾ 5ರ ಬೇವಿನ ಬೀಜದ ಕಷಾಯ ಬಳಸಬೇಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ ಸಾಕು. ಹುಳ ಚಿಕ್ಕದಿರುವಾಗ ಎನ್.ಪಿ.ವಿ. ನಂಜಾಣು ದ್ರಾವಣವನ್ನು ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಸಂಜೆಯ ಹೊತ್ತು ಸಿಂಪಡಿಸಬಹುದು. ಇದು ಕಾಯಿಕೊರಕಕ್ಕೆ ಮಾತ್ರ ರೋಗ ತರುತ್ತದೆ, ಕಣಜ ಮತ್ತು ಜೇನುಗಳಿಗೆ ಹಾನಿಯಿಲ್ಲ.

5. ಬೆಳೆದ ಹುಳಗಳು ಕಂಡಾಗ ಗಿಡಗಳನ್ನು ಬಗ್ಗಿಸಿ ಅಲುಗಾಡಿಸಿ, ಕೆಳಗೆ ಹಿಡಿದ ತಟ್ಟು ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಉದುರಿಸಿ ನಾಶಮಾಡಬೇಕು. ಈ ಭಾಗದ ರೈತರಿಗೆ ಪರಿಚಿತವಾದ ಈ ವಿಧಾನಕ್ಕೆ ಹುಳ ನಿರೋಧಶಕ್ತಿ ಬೆಳೆಸಿಕೊಳ್ಳಲಾರದು.

6. ರಾಸಾಯನಿಕ ಔಷಧಿ ಅನಿವಾರ್ಯವಾದರೆ ಶಿಫಾರಸಾದುದನ್ನು ಶಿಫಾರಸಿನ ಪ್ರಮಾಣದಲ್ಲಿ, ಜೇನುನೊಣಗಳು ಹೂವಿನಿಂದ ಮರಳಿದ ಮೇಲೆ ಸಂಜೆ ಸಿಂಪಡಿಸಬೇಕು. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಬಳಸಬಾರದು.

ಕಡಲೆ ಅಥವಾ ಜೋಳದ ಹೊಲದಲ್ಲಿ ಸತ್ತ ಚಿಕ್ಕ ಹುಳದ ಪಕ್ಕದಲ್ಲಿ ಅಕ್ಕಿಕಾಳಿನಂಥ ಬಿಳಿ ಗೂಡು ಕಂಡರೆ ಅದನ್ನು ಕೀಳಬಾರದು. ಅದು ಬಹುಮಟ್ಟಿಗೆ ಕಾಯಿಕೊರಕದ ಶತ್ರುವಾದ ಕ್ಯಾಂಪೊಲೆಟಿಸ್ ಎಂಬ ಕಣಜದ ಗೂಡು. ಆ ಕಣಜ ಸೇರಿದ ಇಕ್ನ್ಯುಮೊನಿಡೆ ಕುಟುಂಬಕ್ಕೆ 12 ಕೋಟಿ ವರ್ಷಕ್ಕೂ ಮೀರಿದ ಪಳೆಯುಳಿಕೆಯ ದಾಖಲೆಯಿದೆ. ವಿಸ್ತರಣಾ ಕಾರ್ಯಕರ್ತರು ಹೊಲದ ಭೇಟಿಯಲ್ಲಿ ಹುಳವನ್ನು ತೋರಿಸುವಂತೆ ಈ ಗೂಡನ್ನೂ ರೈತರಿಗೆ ತೋರಿಸುವುದು ಒಳ್ಳೆಯದು. ಕಮಲಾಪುರದ ಕೆಂಪು ಬಾಳೆ ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುತ್ತದೆ. ಆದರೆ ಅದೇ ತೋಟದ ಬದುವಿನ ತೊಗರಿ, ಸೂರ್ಯಕಾಂತಿ, ಕುಂಬಳದ ಬೆಳೆಗಳಿಗೆ ಜೇನುನೊಣದ ಭೇಟಿಯಿಂದ ಲಾಭವಿದೆ. ಬದುವಿನಲ್ಲಿ ಹೂ ಬಿಡುವ ಕಳೆಗಿಡ, ತುಳಸಿ, ಕೊತ್ತಂಬರಿ ಸಾಲು ಇದ್ದರೆ ಕಣಜ ಮತ್ತು ಜೇನುಗಳಿಗೆ ಆಹಾರ ಸಿಗುತ್ತದೆ.

ಬಾವಿ ತೋಡುವಾಗ, ಮಣಿ ಕೊಳ್ಳುವಾಗ

ಬಾವಿ ಅಥವಾ ಕೃಷಿಹೊಂಡ ತೋಡುವಾಗ ಎರಡು ಕರಿಕಲ್ಲಿನ ಪದರಗಳ ನಡುವೆ ಬೂದು, ಬಿಳಿ ಅಥವಾ ಹಸಿರು ಛಾಯೆಯ ಗಟ್ಟಿ ಜೇಡಿ ಕಂಡು, ಅದರಲ್ಲಿ ಬಸವನಹುಳುವಿನ ಚಿಪ್ಪು ಅಥವಾ ಎಲೆಯ ಗುರುತು ಇದ್ದರೆ ಅದು ಹಳೆಯ ಕೆರೆಯ ತಳವಿರಬಹುದು. ಅದರ ಒಂದು ಹೆಂಟೆಯನ್ನು ಒಡೆಯದೆ ಕಾಗದದಲ್ಲಿ ಸುತ್ತಿ, ಸರ್ವೆ ನಂಬರ್ ಮತ್ತು ಎಷ್ಟು ಅಡಿ ಆಳದಲ್ಲಿ ಸಿಕ್ಕಿತು ಎಂಬುದನ್ನು ಬರೆದಿಟ್ಟು, ಭೂವಿಜ್ಞಾನ ಕಲಿಸುವ ಕಾಲೇಜಿಗೆ ಅಥವಾ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ತೋರಿಸಬೇಕು. ಆಳ ಮತ್ತು ಜಾಗದ ಮಾಹಿತಿಯಿಲ್ಲದ ಪಳೆಯುಳಿಕೆಗೆ ಬೆಲೆ ಬಹಳ ಕಡಿಮೆ.

ಅಂಬರ್ ಎಂದು ಮಾರುವ ಜಪಮಣಿ ಮತ್ತು ಹರಳುಗಳಲ್ಲಿ ಪ್ಲಾಸ್ಟಿಕ್ಕಿನವು ಬಹಳ ಇವೆ. ಒಂದು ಲೋಟ ನೀರಿಗೆ ಕರಗುವಷ್ಟು ಉಪ್ಪು ಹಾಕಿ ಮಣಿಯನ್ನು ಬಿಟ್ಟರೆ ಅಂಬರ್ ತೇಲುತ್ತದೆ, ಗಾಜು ಮತ್ತು ಅನೇಕ ಬಗೆಯ ಪ್ಲಾಸ್ಟಿಕ್ ಮುಳುಗುತ್ತವೆ. ಕೋಪಲ್ ಕೂಡ ತೇಲುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಿ ಹೆಚ್ಚು ಹಣ ಕೊಡಬಾರದು. ಒಳಗೆ ದೊಡ್ಡ ಕೀಟ ಅಚ್ಚುಕಟ್ಟಾಗಿ ನಡುವೆ ಕುಳಿತಂತೆ ಕಂಡರೆ ಸಂದೇಹಪಡುವುದೇ ಲೇಸು.

ಅಂಬರ್‌ನಲ್ಲಿರುವ ಜೇನುನೊಣದ ಹಿಂಗಾಲಿನ ಬುಟ್ಟಿ ಇಂದಿಗೂ ಎಣಿಸಬಹುದಾದಷ್ಟು ಸ್ಪಷ್ಟವಾಗಿದೆ. ಆದರೆ ಅದು ಇನ್ನೊಂದು ಹೂವಿಗೆ ಹೋಗಲಾರದು. ಈ ಹಂಗಾಮಿನ ತೊಗರಿ ಹೂವಿಗೆ ಬರುವ ಜೇನು ಮತ್ತು ಕಣಜಗಳು ಇನ್ನೂ ಜೀವಂತವಾಗಿವೆ. ಔಷಧಿಯ ಪಂಪನ್ನು ಹೆಗಲಿಗೇರಿಸುವ ಮೊದಲು ರೈತರು ಹತ್ತು ನಿಮಿಷ ಹೊಲದಲ್ಲಿ ನಿಂತು ಹುಳ ಎಷ್ಟು, ಹುಳದ ಶತ್ರು ಎಷ್ಟು ಎಂದು ಎಣಿಸಿ ನೋಡುವ ರೂಢಿ ಮಾಡಿಕೊಂಡರೆ ಖರ್ಚೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.